ಸೈಲೆನ್ಸರ್ ಮಾಡಿದ ಕೈ ಮುಧೋಳದಲ್ಲಿ ಪಳಗಿತು

ಸೈಲೆನ್ಸರ್ ಬದಲಿಸಿ ಸಿಕ್ಕಿಬಿದ್ದ ಹುಡುಗರ ಸುದ್ದಿ ಪೇಪರಿನಲ್ಲಿ ಬಂದರೆ ನಮ್ಮ ಮನೆಗಳಲ್ಲಿ ಕೇಳಿಬರುವುದು ಎರಡೇ ಮಾತು. ‘ಅವನಿಗೆ ತಲೆ ಸರಿ ಇಲ್ಲ’ ಎನ್ನುವುದು ಒಂದು. ‘ಪೊಲೀಸರು ಹಿಡಿದದ್ದು ಒಳ್ಳೆಯದೇ ಆಯಿತು’ ಎನ್ನುವುದು ಇನ್ನೊಂದು. ಎರಡನ್ನೂ ನಾವು ಅಲ್ಲಗಳೆಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮನೆಯೆದುರು ಗುಡುಗಿನ ಹಾಗೆ ಸದ್ದು ಮಾಡಿಕೊಂಡು ಕಾರು ಹೋಗಿ, ತೊಟ್ಟಿಲಲ್ಲಿ ಮಲಗಿದ ಮಗು ಬೆಚ್ಚಿ ಎದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಯಾರೂ ಕೇಳದ ಮೂರನೆಯ ಪ್ರಶ್ನೆ ಒಂದುಂಟು. ಆ ಸೈಲೆನ್ಸರನ್ನು ಮಾಡಿದ್ದು ಯಾರು?

ಹೆಚ್ಚಿನವರು ರೆಡಿಮೇಡ್ ತರಿಸುತ್ತಾರೆ, ಅದು ಬಿಡಿ. ನಮ್ಮ ನೆರೆಮನೆಯ ಹುಡುಗ ಮಾತ್ರ ತಾನೇ ಮಾಡಿದ್ದ. ಗುಜರಿ ಅಂಗಡಿಯಿಂದ ಎರಡೂವರೆ ಇಂಚಿನ ಸ್ಟೀಲ್ ಪೈಪು ತಂದು, ಗ್ರೈಂಡರಿನಲ್ಲಿ ಓರೆಯಾಗಿ ಕೊಯ್ದು, ಸೆಕೆಂಡ್‌ಹ್ಯಾಂಡ್ ಆರ್ಗಾನ್ ವೆಲ್ಡಿಂಗ್ ಸೆಟ್ಟಿನಲ್ಲಿ ತುಂಡಿಗೆ ತುಂಡು ಕೂಡಿಸಿ, ಗೆಳೆಯನ ಕಾರಿಗೆ ಹಾಕಿದ್ದ. ಕಾರು ಸಿಕ್ಕಿಬಿತ್ತು. ದಂಡ ಕಟ್ಟಿದ್ದಾಯಿತು, ಪೈಪನ್ನು ಬಿಚ್ಚಿಸಿದ್ದಾಯಿತು. ಬಾಪ ಗಲ್ಫಿನಿಂದ ಫೋನಿನಲ್ಲೇ ಬೈದು, ಆ ವೆಲ್ಡಿಂಗ್ ಸೆಟ್ಟನ್ನು ಮಾರಿಬಿಡಿ ಎಂದು ಅಪ್ಪಣೆ ಮಾಡಿದರು. ಉಮ್ಮ ನಮ್ಮಲ್ಲಿಗೆ ಬಂದು, “ಇವನಿಗೆ ಏನಾದರೂ ಬುದ್ಧಿ ಹೇಳಿ ಕಾಕ, ಎರಡು ದಿನದಿಂದ ಸರಿಯಾಗಿ ಊಟ ಮಾಡ್ಲಿಲ್ಲ” ಎಂದರು.

ಬುದ್ಧಿ ಹೇಳುವ ಮೊದಲು ನಾವು ಆ ಪೈಪನ್ನು ನೋಡಿದೆವು. ನಮಗೆ ವೆಲ್ಡಿಂಗ್ ಗೊತ್ತಿಲ್ಲ. ಗೊತ್ತಿರುವವರೊಬ್ಬರಿಗೆ ತೋರಿಸಿದೆವು. ಅವರು ನಮ್ಮ ಜಮಾಅತಿನವರೇ, ಗಲ್ಫಿನ ರಿಫೈನರಿಗಳಲ್ಲಿ ಪೈಪ್ ವೆಲ್ಡರ್ ಆಗಿ ದುಡಿದು ಬಂದವರು. ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದರು, ಮೊಬೈಲಿನ ಲೈಟು ಹಾಕಿ ಒಳಗೂ ಇಣುಕಿದರು. ಹೊರಗೆ ಜೋಡಿಸಿದ ನಾಣ್ಯಗಳ ಹಾಗೆ ಸಾಲಾಗಿ ಕೂತ ಬೆಸುಗೆ, ಚಿನ್ನದ ಬಣ್ಣ. ಒಳಗೆ ಮಾತ್ರ ಕರಿ ಹಿಡಿದ ತವೆಯ ಹಾಗೆ ಒರಟು. “ಹೊರಗೆ ಹೂ, ಒಳಗೆ ಇದ್ದಿಲು. ಕಲಿಸಿದವರು ಯಾರೂ ಇಲ್ಲ ಅಂತ ಇದೇ ಹೇಳ್ತದೆ. ಆದರೆ ಕೈ ಉಂಟು ಮಾರಾಯ್ರೇ ಇವನಿಗೆ. ಈ ಕೈಯನ್ನು ಹಾಳು ಮಾಡ್ಬೇಡಿ” ಎಂದರು. ಅವರ ಪರಿಚಯದ ಒಬ್ಬ ಕಂಟ್ರಾಕ್ಟರರ ಮೂಲಕ ಹುಡುಗ ಹೆಲ್ಪರ್ ಆಗಿ ಹೋದದ್ದು ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕೆ. ‘ಮುಧೋಳವಾ? ಅಲ್ಲಿ ಏನುಂಟು, ನಾಯಿ ಬಿಟ್ರೆ?’ ಎಂದು ನಗಾಡಿದವರೂ ಇದ್ದರು.

ಅಲ್ಲಿ ಏನುಂಟು ಎಂದು ನಾವೂ ಹೋಗಿ ನೋಡಿ ಬಂದೆವು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಲೋಕಾಪುರ ದಾಟಿದರೆ ಕಪ್ಪು ಮಣ್ಣು, ಕಣ್ಣು ಹಾಯುವಷ್ಟು ದೂರ ಕಬ್ಬು. ಘಟಪ್ರಭಾ ಮತ್ತು ಕೃಷ್ಣೆಯ ನೀರು ಕುಡಿದ ನೆಲ ಅದು. ಮುಧೋಳದಲ್ಲಿ ನಿರಾಣಿ ಶುಗರ್ಸ್, ಮಹಾಲಿಂಗಪುರದ ಹತ್ತಿರ ಸಮೀರವಾಡಿಯಲ್ಲಿ ಗೋದಾವರಿ ಬಯೋರಿಫೈನರೀಸ್, ಜಮಖಂಡಿ ತಾಲೂಕಿನ ಸಿದ್ದಾಪುರದಲ್ಲಿ ಪ್ರಭುಲಿಂಗೇಶ್ವರ, ಹಿರೇಪಡಸಲಗಿಯಲ್ಲಿ ಜಮಖಂಡಿ ಶುಗರ್ಸ್, ಬೀಳಗಿಯ ಕಡೆ ಬಾಡಗಂಡಿಯಲ್ಲಿ ಬೀಳಗಿ ಶುಗರ್ ಮಿಲ್. ಒಂದು ಚಿಮಣಿ ಮರೆಯಾಗುವಷ್ಟರಲ್ಲಿ ಇನ್ನೊಂದು ಕಾಣುತ್ತದೆ ಎಂದರೆ ಅತಿಶಯೋಕ್ತಿ ಅಲ್ಲ.

ಕಾರ್ಖಾನೆ ನುರಿಸುವುದು ಚಳಿಗಾಲದ ಆರಂಭದಿಂದ ಬೇಸಿಗೆ ಬರುವ ತನಕ. ಆಮೇಲೆ ಬಾಗಿಲು ಹಾಕುತ್ತಾರೆ ಎಂದು ನಾವು ತಿಳಿದಿದ್ದೆವು. ಅದು ತಪ್ಪು. ನುರಿಸುವುದು ನಿಂತ ಮರುದಿನದಿಂದ ವೆಲ್ಡರುಗಳ ಹಂಗಾಮು ಶುರು. ರಸ ಹರಿಯುವ ಪೈಪು, ಕುದಿಸುವ ಪಾತ್ರೆ, ಬಾಯ್ಲರಿನ ಕೊಳವೆ ಎಲ್ಲವನ್ನೂ ಬಿಚ್ಚಿ, ತಿಕ್ಕಿ, ತೂತು ಬಿದ್ದದ್ದನ್ನು ಕೊಯ್ದು ಹೊಸದು ಕೂಡಿಸಬೇಕು. ಇದರ ಮೇಲೆ ಈಗ ಎಥೆನಾಲ್ ಸೇರಿಕೊಂಡಿದೆ. ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುವ ಗುರಿಯನ್ನು ಕೇಂದ್ರ ಸರಕಾರ 2030ರಿಂದ 2025ಕ್ಕೆ ಹಿಂದೆ ತಂದಿತು. ಕಬ್ಬಿನ ಊರುಗಳಲ್ಲಿ ಡಿಸ್ಟಿಲರಿಗಳು ಎದ್ದವು, ಇದ್ದವು ದೊಡ್ಡದಾದವು. ಡಿಸ್ಟಿಲರಿ ಎಂದರೆ ಮೇಲಿಂದ ಕೆಳಗಿನವರೆಗೆ ಸ್ಟೇನ್‌ಲೆಸ್ ಸ್ಟೀಲ್. ಸ್ಟೇನ್‌ಲೆಸ್ ಪೈಪನ್ನು ಒಳಗೂ ಹೊರಗೂ ಚೊಕ್ಕವಾಗಿ ಕೂಡಿಸುವ ಕೆಲಸಕ್ಕೆ ಟಿಗ್ ವೆಲ್ಡಿಂಗ್ ಬೇಕು. ನಮ್ಮ ಗ್ಯಾರೇಜಿನವರು ಆರ್ಗಾನ್ ಎಂದು ಕರೆಯುವುದು ಇದನ್ನೇ.

ಆರ್ಗಾನ್ ಎಂದರೆ ಗ್ರೀಕ್ ಭಾಷೆಯಲ್ಲಿ ಸೋಮಾರಿ ಎಂಬರ್ಥವಂತೆ. ಯಾವುದರ ಜತೆಗೂ ಕೂಡದ ಗಾಳಿ ಅದು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಇದೆ. ಸಾಮಾನ್ಯ ವೆಲ್ಡಿಂಗಿನಲ್ಲಿ ಕಡ್ಡಿಯೇ ಕರಗಿ ಜೋಡಣೆಗೆ ಇಳಿಯುತ್ತದೆ. ಟಿಗ್‌ನಲ್ಲಿ ಹಾಗಲ್ಲ. ಟಂಗ್‌ಸ್ಟನ್ ಎಂಬ ಲೋಹದ ಚೂಪು ಸೂಜಿಯ ತುದಿಯಿಂದ ಕಿಡಿ ಹಾರುತ್ತದೆ. ಆ ಲೋಹ ಕರಗಬೇಕಾದರೆ 3,400 ಡಿಗ್ರಿ ಸೆಲ್ಸಿಯಸ್ ಮೀರಬೇಕು, ಹಾಗಾಗಿ ಸೂಜಿ ಕರಗದೆ ಉಳಿಯುತ್ತದೆ. ಸುತ್ತ ಆರ್ಗಾನ್ ಹರಿದು ಹೊರಗಿನ ಗಾಳಿಯನ್ನು ದೂರ ಇಡುತ್ತದೆ. ತುಂಬಲು ಬೇಕಾದ ಲೋಹವನ್ನು ಇನ್ನೊಂದು ಕೈಯಿಂದ ತೆಳು ಸರಿಗೆಯಾಗಿ ಒಂದೊಂದೇ ಹನಿ ಕೊಡಬೇಕು. 1940ರ ದಶಕದ ಆರಂಭದಲ್ಲಿ ಅಮೆರಿಕದ ನಾರ್ತ್‌ರಾಪ್ ವಿಮಾನ ಕಂಪೆನಿಯ ರಸೆಲ್ ಮೆರೆಡಿತ್ ಇದನ್ನು ಬಳಕೆಗೆ ತಂದದ್ದು ಮೆಗ್ನೀಸಿಯಂ ಲೋಹದ ವಿಮಾನ ಕಟ್ಟುವುದಕ್ಕಾಗಿ. ಆಗ ಬಳಸಿದ್ದು ಹೀಲಿಯಂ. ವಿಮಾನಕ್ಕೆಂದು ಹುಟ್ಟಿದ ವಿದ್ಯೆ ಇವತ್ತು ಕಬ್ಬಿನ ರಸದ ಪೈಪಿಗೂ ನಮ್ಮ ಹುಡುಗರ ಸೈಲೆನ್ಸರಿಗೂ ಬಂದು ನಿಂತಿದೆ.

ಮುಧೋಳದ ಒಂದು ಶೆಡ್ಡಿನಲ್ಲಿ ನಾವು ಅರ್ಧ ದಿನ ಕೂತೆವು. ಹುಡುಗನಿಗೆ ಕಲಿಸುತ್ತಿದ್ದ ಮಿಸ್ತ್ರಿಗೆ ಅರವತ್ತು ದಾಟಿರಬೇಕು, ಆ ಕಡೆಯವರೇ. ನಮ್ಮನ್ನು ಕಂಡು ಚಹಾ ತರಿಸಿದರು. “ಸಾಹೇಬ್ರ, ನಿಮ್ಮ ಹುಡುಗ ಬಂದಾಗ ನಾ ಕೇಳಿದೆ, ಏನ್ ಬರ್ತೈತಿ ನಿನಗ ಅಂತ. ಕಾರಿನ ಸೈಲೆನ್ಸರ್ ಮಾಡಾಕ ಬರ್ತೈತಿ ಅಂದ. ನಾ ನಕ್ಕೆ. ಆಮ್ಯಾಲ ಅಂವ ಮಾಡಿದ್ದ ಫೋಟೋ ನೋಡಿ ಸುಮ್ಮನಾದೆ ನೋಡ್ರಿ” ಎಂದರು. ಯಾಕೆ ಸುಮ್ಮನಾದಿರಿ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರಕ್ಕಾಗಿಯೇ ಈ ಲೇಖನ ಬರೆಯಬೇಕೆನಿಸಿತು.

ಕಾರಿನ ಅಡಿಯಲ್ಲಿ ಜಾಗ ಇಕ್ಕಟ್ಟು. ಪೈಪು ಅಲ್ಲಿ ಬಾಗಬೇಕು, ಇಲ್ಲಿ ಏಳಬೇಕು. ಬಗ್ಗಿಸುವ ಯಂತ್ರ ಇಲ್ಲದವರು ಪೈಪನ್ನು ಕಿತ್ತಳೆ ತೊಳೆಯ ಹಾಗೆ ಒಂದು ಬದಿ ದಪ್ಪ, ಒಂದು ಬದಿ ಸಣ್ಣ ಇರುವ ಚೂರುಗಳಾಗಿ ಕೊಯ್ದು ಜೋಡಿಸುತ್ತಾರೆ. 15 ಡಿಗ್ರಿಯ ಆರು ಚೂರು ಸೇರಿದರೆ ಒಂದು ಪೂರ್ತಿ ಮೊಣಕೈ, 90 ಡಿಗ್ರಿ. ಚೂರುಗಳ ನಡುವೆ ಐದು ಬೆಸುಗೆ, ಎರಡು ತುದಿಗೆ ಎರಡು, ಒಟ್ಟು ಏಳು. ಎರಡೂವರೆ ಇಂಚಿನ ಪೈಪಿನ ಸುತ್ತಳತೆ ಸುಮಾರು 20 ಸೆಂಟಿಮೀಟರ್. ಅಂದರೆ ಒಂದೇ ಒಂದು ತಿರುವಿಗೆ 140 ಸೆಂಟಿಮೀಟರ್ ಬೆಸುಗೆ. ಪೈಪಿನ ದಪ್ಪ ಒಂದೂವರೆ ಮಿಲಿಮೀಟರ್. ಕರೆಂಟು ಸ್ವಲ್ಪ ಹೆಚ್ಚಾದರೆ ತೂತು, ಕಮ್ಮಿಯಾದರೆ ಬೆಸುಗೆ ಮೇಲೆಯೇ ಕೂರುತ್ತದೆ. ಸೂಜಿ ಮತ್ತು ಪೈಪಿನ ನಡುವೆ ಒಂದೆರಡು ಮಿಲಿಮೀಟರ್ ಅಂತರವನ್ನು ಸುತ್ತ ಪೂರ್ತಿ ಕಾಯಬೇಕು, ಅದೂ ದುಂಡಗಿನ ಪೈಪಿನ ಮೇಲೆ. ಸಪಾಟು ತಗಡಿನ ಮೇಲೆ ತಿಂಗಳುಗಟ್ಟಲೆ ಗೆರೆ ಎಳೆದವನಿಗೆ ಬಾರದ್ದು ಇಂಥ ಎರಡು ತಿರುವು ಮಾಡಿದವನಿಗೆ ಬರುತ್ತದೆ ಎನ್ನುವುದು ಮಿಸ್ತ್ರಿಯ ಅಭಿಪ್ರಾಯ. ಜತೆಗೆ, ಸೈಲೆನ್ಸರ್ ಸುಳ್ಳು ಹೇಳುವುದಿಲ್ಲ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ‘ಪುಸ್’ ಎಂದು ಎಲ್ಲರಿಗೂ ಕೇಳಿಸುತ್ತದೆ.

“ಕೈ ಅಲಗಬಾರ್ದು ನೋಡ್ರಿ. ಅಲಗಿತಂದ್ರ ಸೂಜಿ ಹೋಗಿ ಕರಗಿದ್ದರಾಗ ಮುಳುಗ್ತೈತಿ. ಮತ್ತ ತಗೀಬೇಕು, ತಿಕ್ಕಬೇಕು. ಮೊದಲನೇ ವಾರ ನಿಮ್ಮ ಹುಡುಗ ವೆಲ್ಡಿಂಗ್ ಮಾಡಿದ್ದಕ್ಕಿಂತ ಸೂಜಿ ತಿಕ್ಕಿದ್ದ ಹೆಚ್ಚು” ಎಂದು ಮಿಸ್ತ್ರಿ ನಕ್ಕರು. ಆ ತಿಕ್ಕುವುದರಲ್ಲೂ ವಿದ್ಯೆ ಉಂಟು. ಸೂಜಿಯನ್ನು ಉದ್ದಕ್ಕೆ ತಿಕ್ಕಬೇಕು, ಅಡ್ಡಕ್ಕೆ ತಿಕ್ಕಿದರೆ ಕಿಡಿ ಅಲೆದಾಡುತ್ತದೆ. ಕೆಂಪು ತುದಿಯ ಸೂಜಿಯಲ್ಲಿ ಥೋರಿಯಂ ಇರುತ್ತದೆ, ಅದರ ಧೂಳು ಉಸಿರಿಗೆ ಹೋಗಬಾರದು. ಹುಡುಗ ಊರಿನಲ್ಲಿ ಅದನ್ನೇ ಮುಖಕ್ಕೆ ಒಂದು ಬಟ್ಟೆಯೂ ಇಲ್ಲದೆ ತಿಕ್ಕುತ್ತಿದ್ದ! ಈಗ ಲ್ಯಾಂಥನಮ್ ಇರುವ ಸೂಜಿ ಬಳಸುತ್ತಾನೆ.

ಇನ್ನು ಆ ಒಳಗಿನ ಇದ್ದಿಲಿನ ಕಥೆ. ಬೆಸುಗೆಯ ಹೊರಬದಿಗೆ ಆರ್ಗಾನಿನ ರಕ್ಷಣೆ ಇರುತ್ತದೆ. ಪೈಪಿನ ಒಳಗೆ ಇರುವುದು ಬರೀ ಗಾಳಿ. ಕೆಂಪಗೆ ಕಾದ ಸ್ಟೇನ್‌ಲೆಸ್‌ಗೆ ಆ ಗಾಳಿಯ ಆಮ್ಲಜನಕ ತಾಗಿದರೆ ಒಳಬದಿ ಸುಟ್ಟು ಹರಳು ಹರಳಾಗುತ್ತದೆ. ವೆಲ್ಡರುಗಳು ಅದಕ್ಕೆ ಶುಗರಿಂಗ್ ಎನ್ನುತ್ತಾರೆ. ಸಕ್ಕರೆ ಕಾರ್ಖಾನೆಯವರು ಕಂಡರಾಗದ ಸಕ್ಕರೆ ಇದೊಂದೇ ಇರಬೇಕು. ಅಲ್ಲಿ ತುಕ್ಕು ಹಿಡಿಯುತ್ತದೆ, ಬಿರುಕು ಬಿಡುತ್ತದೆ, ರಸದ ಪೈಪಾದರೆ ಕೊಳೆ ಕೂರುತ್ತದೆ. ತಪ್ಪಿಸುವ ದಾರಿ ಸುಲಭ: ಪೈಪಿನ ಎರಡೂ ತುದಿ ಮುಚ್ಚಿ, ಸಣ್ಣ ತೂತು ಬಿಟ್ಟು, ಒಳಗೂ ಆರ್ಗಾನ್ ಹರಿಸುವುದು. ಹುಡುಗನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. “ಗ್ಯಾಸಿಗೆ ದುಡ್ಡು ಬೇಕಲ್ಲ ಕಾಕ, ಒಳಗೆ ಯಾರು ನೋಡ್ತಾರೆ ಅಂತ ಬಿಟ್ಟೆ” ಎಂದ. ಏಳು ಘನಮೀಟರಿನ ಒಂದು ಸಿಲಿಂಡರ್ ನಿಮಿಷಕ್ಕೆ ಎಂಟು ಲೀಟರಿನಂತೆ ಬಿಟ್ಟರೆ ಹದಿನಾಲ್ಕೂವರೆ ಗಂಟೆ ಬರುತ್ತದೆ. ಒಳಗೂ ಹರಿಸಿದರೆ ಅದಕ್ಕಿಂತ ಬೇಗ ಮುಗಿಯುತ್ತದೆ. ಕಾರ್ಖಾನೆಯಲ್ಲಿ ಒಳಗೂ ನೋಡುವವರು ಇದ್ದಾರೆ. ಮೊದಲ ತಿಂಗಳಲ್ಲಿ ಅವನು ಮಾಡಿದ ಎಷ್ಟೋ ಜೋಡಣೆಗಳನ್ನು ಮಿಸ್ತ್ರಿ ಕೊಯ್ದು, ಒಳಬದಿ ತೋರಿಸಿ, ಗುಜರಿ ಡಬ್ಬಕ್ಕೆ ಎಸೆದರಂತೆ. ಬೈಯಲಿಲ್ಲವಂತೆ. ಅದೇ ಹೆಚ್ಚು ನೋವಾಯಿತು ಎಂದ.

ಒಂದು ಭಾನುವಾರ ಅವನ ರೂಮ್‌ಮೇಟ್ ನಮ್ಮನ್ನು ಬನಹಟ್ಟಿಯ ತನ್ನ ಮನೆಗೆ ಕರೆದುಕೊಂಡು ಹೋದ. ರಬಕವಿ-ಬನಹಟ್ಟಿ ನೇಕಾರರ ಊರು, ಓಣಿ ಓಣಿಯಲ್ಲಿ ಪವರ್‌ಲೂಮಿನ ಸದ್ದು. ಅವರ ಮನೆಯಲ್ಲಿ ಅಜ್ಜ ಕೈಮಗ್ಗವನ್ನು ಇನ್ನೂ ಬಿಟ್ಟಿರಲಿಲ್ಲ. ಕಾಲು ಕೆಳಗೆ ಹಲಗೆ ತುಳಿಯುತ್ತಿದೆ, ಒಂದು ಕೈ ಲಾಳಿ ಎಸೆಯುತ್ತಿದೆ, ಇನ್ನೊಂದು ಕೈ ಹೊಡೆದು ಕೂರಿಸುತ್ತಿದೆ, ಕಣ್ಣು ಮಾತ್ರ ಎಳೆಯ ಮೇಲೆ. ನಮ್ಮ ಹುಡುಗ ನಿಂತು ನೋಡಿದವನು, “ಇದು ಟಿಗ್ ಹಾಗೆಯೇ ಉಂಟಲ್ಲ ಕಾಕ” ಎಂದ. ಬಲಗೈಯಲ್ಲಿ ಟಾರ್ಚು, ಎಡಗೈಯಲ್ಲಿ ಸರಿಗೆ, ಒಳ್ಳೆಯ ಮೆಷಿನಾದರೆ ಕರೆಂಟು ಏರಿಸಿ ಇಳಿಸಲು ಕಾಲಡಿಯಲ್ಲಿ ಪೆಡಲು. ನೇಕಾರರ ಮಕ್ಕಳು ಈ ಕೈಕಾಲಿನ ಹೊಂದಾಣಿಕೆಯನ್ನು ಅಜ್ಜನ ಪಕ್ಕ ಕೂತು ಕಲಿಯುತ್ತಾರೆ. ನಮ್ಮ ಹುಡುಗರು ಯಾರ ಪಕ್ಕ ಕೂರಬೇಕು? ಬಾಪ ದೂರದಲ್ಲಿ, ಮಾಮ ಅಂಗಡಿಯಲ್ಲಿ. ಉಳಿದದ್ದು ಮೊಬೈಲ್. ಮೊಬೈಲಿನಲ್ಲಿ ಬೆಸುಗೆಯ ಹೊರಬದಿ ಕಾಣುತ್ತದೆ, ಒಳಬದಿ ಯಾರೂ ತೋರಿಸುವುದಿಲ್ಲ.

ಇಷ್ಟು ಹೇಳಿದ ಮೇಲೆ ಕಾನೂನಿನ ಮಾತನ್ನೂ ನೇರವಾಗಿಯೇ ಹೇಳಬೇಕು. ರಸ್ತೆಯಲ್ಲಿ ಓಡುವ ಕಾರಿಗೋ ಬೈಕಿಗೋ ಸದ್ದಿನ ಸೈಲೆನ್ಸರ್ ಹಾಕುವುದನ್ನು ನಾವು ಸಮರ್ಥಿಸುತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಂತೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 190ನೇ ಕಲಮಿನಡಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಮೂರು ತಿಂಗಳು ಲೈಸೆನ್ಸಿಗೂ ಕತ್ತರಿ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿದ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ಎಲ್ಲರೂ ನೋಡಿದ್ದೇವೆ. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತು ಬರೀ ಪೈಪು ಹಾಕುವವರು ಸದ್ದಿನ ಜತೆಗೆ ವಿಷವನ್ನೂ ಬಿಡುತ್ತಿದ್ದಾರೆ. ನಮ್ಮ ಮಕ್ಕಳೇ ಅದನ್ನು ಉಸಿರಾಡುವುದು. ಸದ್ದು ಮಾಡುವುದು ವಿದ್ಯೆಯಲ್ಲ ಎಂಬುದನ್ನು ಹುಡುಗರಿಗೆ ಹೇಳಲೇಬೇಕು. ಸೈಲೆನ್ಸರ್ ಎಂಬ ಹೆಸರು ಇಟ್ಟವರು ಸುಮ್ಮನೆ ಇಟ್ಟಿಲ್ಲ.

ಆದರೆ ಕಲಿಯಲಿಕ್ಕೆ ಸೈಲೆನ್ಸರ್ ಮಾಡುವುದು ಬೇರೆ, ರಸ್ತೆಗೆ ಇಳಿಸುವುದು ಬೇರೆ. ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು ಸ್ಪರ್ಧೆಗಾಗಿ ಪುಟ್ಟ ರೇಸ್ ಕಾರು ಕಟ್ಟುತ್ತಾರೆ, ನಮ್ಮ ಸುರತ್ಕಲ್ ಎನ್‌ಐಟಿಕೆಯಲ್ಲೂ ಅಂಥ ತಂಡ ಉಂಟು. ಅಂಥ ಕಾರಿನ ಎಕ್ಸಾಸ್ಟ್ ಟ್ರ್ಯಾಕಿಗೇ ಮೀಸಲು, ಅದರಲ್ಲಿ ತಪ್ಪಿಲ್ಲ. ಮದುವೆ ಹಾಲಿನ ಜನರೇಟರಿಗೆ, ಬಂದರಿನ ಬೋಟಿನ ಇಂಜಿನಿಗೆ ಹೊಗೆ ಕೊಳವೆ ಬೇಕು. ಬಿಡಿಭಾಗ ಸಿಗದ ಹಳೇ ಗಾಡಿಗೆ ಮೂಲದಂತೆಯೇ ಇರುವ, ಸದ್ದು ಅಡಗಿಸುವ ಸೈಲೆನ್ಸರ್ ಕಟ್ಟಿಕೊಡುವವರು ಬೇಕು. ಅಲ್ಲಿ ಕೆಲಸ ಮಾಡಿದ ಕೈಗೆ ಮುಂದೆ ಐಸ್‌ಕ್ರೀಂ ಫ್ಯಾಕ್ಟರಿ, ಮೀನು ಸಂಸ್ಕರಣಾ ಘಟಕ, ದೊಡ್ಡ ಹೊಟೇಲುಗಳ ಅಡುಗೆಮನೆ, ಎಂಆರ್‌ಪಿಎಲ್ ಶಟ್‌ಡೌನ್, ಮಲ್ಪೆಯ ಶಿಪ್‌ಯಾರ್ಡ್ ಹೀಗೆ ಕರಾವಳಿಯಲ್ಲೇ ಕೆಲಸ ಉಂಟು. ಇಂಥಲ್ಲಿ ಎಷ್ಟೋ ಕಡೆ ಆರ್ಗಾನ್ ಟಾರ್ಚು ಹಿಡಿದವರು ಬಿಹಾರ, ಒಡಿಶಾದಿಂದ ಬಂದ ಹುಡುಗರು. ಅವರ ಮೇಲೆ ನಮಗೆ ಅಸೂಯೆ ಇಲ್ಲ, ಗೌರವ ಉಂಟು. ನಮ್ಮವರು ಯಾಕಿಲ್ಲ ಎಂಬುದಷ್ಟೇ ಪ್ರಶ್ನೆ.

ಉತ್ತರ ನಮ್ಮ ಮನೆಯೊಳಗೇ ಇದೆ. ಹೆಣ್ಣು ನೋಡಲು ಹೋದಾಗ ‘ಹುಡುಗ ಏನು ಮಾಡುವುದು?’ ಎಂದು ಕೇಳುತ್ತಾರೆ. ‘ಗಲ್ಫಿನಲ್ಲಿದ್ದಾನೆ’ ಎಂದರೆ ಯಾವ ಕೆಲಸ ಎಂದು ಎರಡನೇ ಪ್ರಶ್ನೆ ಇಲ್ಲ. ‘ಊರಲ್ಲಿ ವೆಲ್ಡರ್’ ಎಂದು ಹೇಳಿ ನೋಡಿ, ಸಮೋಸದ ಪ್ಲೇಟು ಅಲ್ಲಿಗೇ ನಿಲ್ಲುತ್ತದೆ. ಅದೇ ವೆಲ್ಡರ್ ಜುಬೈಲಿನಲ್ಲೋ ಅಬುಧಾಬಿಯಲ್ಲೋ ಇದ್ದರೆ ಮಸಾಲೆ ಕಡಿಯಲು ಶುರು! ಸಾಲ ಮಾಡಿ ವೀಸಾ ತೆಗೆದು, ಕೈಯಲ್ಲಿ ಯಾವ ಕೆಲಸವೂ ಇಲ್ಲದೆ ಹೋಗಿ, ಹೆಲ್ಪರ್ ಆಗಿ ಬಿಸಿಲಲ್ಲಿ ಪೈಪು ಹೊತ್ತು, ಮೂರು ವರ್ಷ ಸಾಲ ತೀರಿಸಿಯೇ ಬಂದ ಹುಡುಗರನ್ನು ನಾವು ಕಂಡಿದ್ದೇವೆ. ಪೈಪು ಹೊರುವವನಿಗೂ ಅದೇ ಪೈಪನ್ನು ಕೂಡಿಸುವವನಿಗೂ ಸಂಬಳದಲ್ಲಿ, ರೂಮಿನಲ್ಲಿ, ಮಾತನಾಡಿಸುವ ರೀತಿಯಲ್ಲಿ ಎಷ್ಟು ಅಂತರ ಎಂಬುದು ಅಲ್ಲಿ ದುಡಿದವರಿಗೆ ಗೊತ್ತು. ಅಲ್ಲಿ ಕೇಳುವುದು 6ಜಿ ಟೆಸ್ಟ್. ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು, ಪೈಪು ತಿರುಗಿಸದೆ, ವೆಲ್ಡರನೇ ಬಗ್ಗಿ, ಬಳಸಿ, ಸುತ್ತ ಕೂಡಿಸಬೇಕು. ಆಮೇಲೆ ಎಕ್ಸ್‌ರೇ. ಸರ್ಟಿಫಿಕೇಟನ್ನು ಹಣ ಕೊಟ್ಟು ತರಬಹುದು, ಎಕ್ಸ್‌ರೇಯಲ್ಲಿ ಪಾಸಾಗುವ ಕೈಯನ್ನು ತರಲಾಗುವುದಿಲ್ಲ.

ಬಾಗಲಕೋಟೆಯ ಕಡೆಯೂ ಅಷ್ಟೇ. ಬಾಯ್ಲರಿನ ಒತ್ತಡದ ಕೊಳವೆ ಮುಟ್ಟಬೇಕಾದರೆ ಭಾರತೀಯ ಬಾಯ್ಲರ್ ನಿಯಮಗಳ ಪ್ರಕಾರ ಪರೀಕ್ಷೆ ಕೊಟ್ಟು ಅರ್ಹತಾ ಪತ್ರ ಪಡೆದಿರಬೇಕು. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ. ನಮ್ಮ ಹುಡುಗ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಸದ್ಯಕ್ಕೆ ಅವನಿಗೆ ಕೊಟ್ಟದ್ದು ಒತ್ತಡ ಇಲ್ಲದ ಸ್ಟೇನ್‌ಲೆಸ್ ಪೈಪುಗಳು ಮಾತ್ರ. ಬಾಯ್ಲರ್ ಪರೀಕ್ಷೆಗೆ ರಾತ್ರಿ ಶೆಡ್ಡಿನಲ್ಲೇ ಉಳಿದು ಗುಜರಿ ತುಂಡುಗಳ ಮೇಲೆ ಅಭ್ಯಾಸ ಮಾಡುತ್ತಾನೆ. ಗುಜರಿ ಎಂದಾಗ ನೆನಪಾಯಿತು. ನಮ್ಮವರಲ್ಲಿ ಎಷ್ಟೋ ಮಂದಿ ಗುಜರಿ ವ್ಯಾಪಾರದಲ್ಲೇ ಬದುಕು ಕಟ್ಟಿದವರು. ಅಯಸ್ಕಾಂತ ಹಿಡಿದು ಅಂಟುವ 409 ಯಾವುದು, ಅಂಟದ 304 ಯಾವುದು ಎಂದು ಹೇಳುವುದು ಅವರಿಗೆ ಬಾಯಿಪಾಠ. ಕಾರಿನ ಸೈಲೆನ್ಸರಿನಲ್ಲಿ ಎರಡೂ ಬರುತ್ತವೆ. ಕೇಜಿ ಲೆಕ್ಕದಲ್ಲಿ ಕಳಿಸಿಬಿಡುವ ಪೈಪಿನ ತುಂಡುಗಳಲ್ಲಿ ಒಂದಷ್ಟನ್ನು ಕಲಿಯುವ ಹುಡುಗರಿಗೆ ತೆಗೆದಿಟ್ಟರೆ ನಷ್ಟ ದೊಡ್ಡದೇನಲ್ಲ.

ಅಪಾಯದ ಬಗ್ಗೆ ಹೇಳದಿದ್ದರೆ ಈ ಬರಹ ಓದುವ ಉಮ್ಮಂದಿರಿಗೆ ಮೋಸ ಮಾಡಿದಂತೆ. ಟಿಗ್‌ನಲ್ಲಿ ಹೊಗೆ ಕಮ್ಮಿ, ಕಿಡಿ ಹಾರುವುದಿಲ್ಲ, ಹಾಗಾಗಿ ಸುರಕ್ಷಿತ ಎಂದು ಹುಡುಗರು ವಾದಿಸುತ್ತಾರೆ. ಅರ್ಧ ಸತ್ಯ. ಅದರ ನೇರಳಾತೀತ ಬೆಳಕು ಬಹಳ ತೀಕ್ಷ್ಣ. ಒಂದು ಕ್ಷಣ ಮುಖವಾಡ ಇಲ್ಲದೆ ನೋಡಿದರೂ ರಾತ್ರಿ ಕಣ್ಣಿಗೆ ಮರಳು ಹಾಕಿದ ಹಾಗೆ ಉರಿ. ಸ್ಟೇನ್‌ಲೆಸ್‌ನ ಹೊಗೆಯಲ್ಲಿ ಕ್ಯಾನ್ಸರ್ ತರುವ ಬಗೆಯ ಕ್ರೋಮಿಯಂ ಇರುತ್ತದೆ. ಜಿಂಕ್ ಬಳಿದ ನೀರಿನ ಪೈಪನ್ನು ಬೆಸೆದರೆ ಸಂಜೆಗೆ ಚಳಿಜ್ವರ. ಎಲ್ಲಕ್ಕಿಂತ ಕೆಟ್ಟದ್ದು, ಎಣ್ಣೆ ಜಿಡ್ಡು ತೆಗೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದು ಅದು ಆರುವ ಮೊದಲೇ ಟಾರ್ಚು ಹಚ್ಚುವುದು. ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ್ದು ಅದನ್ನೇ. ಆ ಸೋಮಾರಿ ಆರ್ಗಾನ್ ಕೂಡ ಗಾಳಿಗಿಂತ ಭಾರ. ಮುಚ್ಚಿದ ಟ್ಯಾಂಕಿಯಲ್ಲಿ ಕೆಳಗೆ ತುಂಬಿಕೊಂಡರೆ ಬಣ್ಣವಿಲ್ಲ, ವಾಸನೆಯಿಲ್ಲ, ಒಳಗಿಳಿದವನಿಗೆ ಉಸಿರಿಲ್ಲ. ಡಿಸ್ಟಿಲರಿಯಲ್ಲಂತೂ ಹತ್ತಿ ಉರಿಯುವ ಆವಿಯೇ ಸುತ್ತಲೂ. 2018ರ ಡಿಸೆಂಬರಿನಲ್ಲಿ ಮುಧೋಳದ ಹತ್ತಿರ ಕುಳಲಿಯ ಕಾರ್ಖಾನೆಯೊಂದರ ಡಿಸ್ಟಿಲರಿ ವಿಭಾಗದಲ್ಲಿ ಸ್ಫೋಟವಾಗಿ ನಾಲ್ವರು ಸತ್ತರು. ಅದಕ್ಕೆ ವೆಲ್ಡಿಂಗ್ ಕಾರಣ ಎಂದು ನಾವು ಹೇಳುತ್ತಿಲ್ಲ, ಅಂಥ ಜಾಗದಲ್ಲಿ ಕೆಲಸ ಮಾಡುವುದೆಂದರೆ ಏನು ಎಂದಷ್ಟೇ ಹೇಳುತ್ತಿದ್ದೇವೆ. ಅನುಮತಿ ಚೀಟಿ ಇಲ್ಲದೆ, ಗಾಳಿ ಪರೀಕ್ಷೆ ಮಾಡದೆ ಟ್ಯಾಂಕಿಗೆ ಇಳಿ ಎನ್ನುವ ಕಂಟ್ರಾಕ್ಟರ್ ಎಷ್ಟು ಸಂಬಳ ಕೊಟ್ಟರೂ ಬೇಡ ಎನ್ನಬೇಕು. ನಮ್ಮ ಹುಡುಗನ ಬಾಪ ಈಗ ವಾರಕ್ಕೊಮ್ಮೆ ಫೋನು ಮಾಡಿದಾಗ ಮೊದಲು ಕೇಳುವುದು ಇದನ್ನೇ.

ಹಾಗಂತ ಎಲ್ಲರೂ ಮುಧೋಳದ ಬಸ್ಸು ಹತ್ತಬೇಕಾಗಿಲ್ಲ. ಐಟಿಐಯಲ್ಲಿ ವೆಲ್ಡರ್ ಟ್ರೇಡ್ ಒಂದು ವರ್ಷದ ಕೋರ್ಸು, ಎಂಟನೇ ಕ್ಲಾಸು ಪಾಸಾಗಿದ್ದರೆ ಸಾಕು. ಅದರಲ್ಲಿ ಟಿಗ್ ಕೂಡ ಕಲಿಸುತ್ತಾರೆ. ನಮ್ಮಲ್ಲಿ ಎಸೆಸೆಲ್ಸಿ ಫೇಲಾದ ಹುಡುಗನನ್ನು ಮೊಬೈಲ್ ಅಂಗಡಿಯಲ್ಲೋ ಜವುಳಿ ಅಂಗಡಿಯಲ್ಲೋ ನಿಲ್ಲಿಸಿಬಿಡುತ್ತೇವೆ. ಅವನ ಕೈಗೆ ಇಂಥದ್ದೊಂದು ಬರುತ್ತದೋ ಎಂದು ಒಮ್ಮೆಯೂ ಪರೀಕ್ಷಿಸುವುದಿಲ್ಲ. ಸೇರಿಸುವ ಮೊದಲು ಹಿರಿಯರೊಬ್ಬರು ಹೋಗಿ ವರ್ಕ್‌ಶಾಪ್ ನೋಡಿ ಬನ್ನಿ. ಆರ್ಗಾನ್ ಸಿಲಿಂಡರಿನಲ್ಲಿ ಗ್ಯಾಸ್ ಉಂಟಾ, ಇಲ್ಲ ಮೂಲೆಯಲ್ಲಿ ನಿಲ್ಲಿಸಿದ್ದಾರಾ ಎಂದು ಕೇಳಿ. ಹುಡುಗರಿಗೆ ದಿನಕ್ಕೆ ಎಷ್ಟು ಹೊತ್ತು ಟಾರ್ಚು ಸಿಗುತ್ತದೆ ಎಂದು ಕೇಳಿ. ನಾವು ಒಂದು ಕಡೆ ಕೇಳಿದಾಗ ಅಲ್ಲಿದ್ದವರು ಮುಖ ಮುಖ ನೋಡಿಕೊಂಡರು. ನಮ್ಮ ಸಂಘ ಸಂಸ್ಥೆಗಳು ಡಾಕ್ಟರು, ಇಂಜಿನಿಯರು ಓದುವವರಿಗೆ ಕೊಡುವ ಸ್ಕಾಲರ್‌ಶಿಪ್ ಒಳ್ಳೆಯದೇ. ಅದರ ಜತೆಗೆ ಐಟಿಐ ಮುಗಿಸಿದ ಇಬ್ಬರು ಮೂವರಿಗೆ ಆರ್ಗಾನಿನ ಖರ್ಚು ಮತ್ತು ಒಂದು ಒಳ್ಳೆಯ ಮುಖವಾಡ ಕೊಡಿಸಲು ಎಷ್ಟು ಬೇಕಾದೀತು? ಮುಂದಿನ ಮಹಾಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಲಿ.

ಮುಧೋಳದಿಂದ ಹೊರಡುವಾಗ ಹುಡುಗ ಬಸ್ ಸ್ಟ್ಯಾಂಡಿಗೆ ಬಂದು ಪೇಪರಿನಲ್ಲಿ ಸುತ್ತಿದ ಪೈಪಿನ ತುಂಡೊಂದನ್ನು ಕೊಟ್ಟ. “ಉಮ್ಮನಿಗೆ ಕೊಡಿ” ಎಂದ. ಒಂದು ಜಾನು ಉದ್ದ, ನಡುವೆ ಒಂದೇ ಬೆಸುಗೆ. ಬಸ್ಸಿನಲ್ಲಿ ಕೂತು ಬಿಚ್ಚಿದೆವು. ಹೊರಗೆ ಅದೇ ಹಳೆಯ ಹೂ. ಮೊಬೈಲಿನ ಲೈಟು ಹಾಕಿ ಒಳಗೆ ಇಣುಕಿದರೆ ಅಲ್ಲೂ ಬೆಳ್ಳಗೆ, ನುಣ್ಣಗೆ ಒಂದು ಗೆರೆ. ಉಮ್ಮನಿಗೆ ಕೊಟ್ಟಾಗ ಅವರು ಅದನ್ನು ಯಾವ ಕಡೆಯಿಂದ ನೋಡಬೇಕೆಂದು ತಿಳಿಯದೆ ತಿರುಗಿಸಿದರು. ನಾವೇ ಲೈಟು ಹಾಕಿ ಒಳಗೆ ತೋರಿಸಿದೆವು. ಹಳೆಯ ವೆಲ್ಡಿಂಗ್ ಸೆಟ್ಟನ್ನು ಅವರು ಮಾರಿರಲಿಲ್ಲವಂತೆ, ಅಟ್ಟದಲ್ಲಿ ಗೋಣಿ ಮುಚ್ಚಿ ಇಟ್ಟಿದ್ದರು. ಬಾಪನಿಗೆ ಇನ್ನೂ ಹೇಳಿಲ್ಲ.